ಯಾರ ಮನೆಗೆ ಹೇಳಬೇಕು?

ಜೂನ್ ಹದಿನೇಳು, ಸೋಮವಾರ, ಬೆಳಿಗ್ಗೆ ಹತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿ ಬಂದವರು ಇಬ್ಬರು, ತಾಯಿ ಮತ್ತು ಮಗಳು. ತಾಯಿಯ ಮೈಯಿಂದ ಬಿಸಿ ಬಟ್ಟೆಯ ವಾಸನೆ ಬರುತ್ತಿತ್ತು. ಆಕೆ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕಿದ್ದಳು. ಮಗಳು ಹದಿನೇಳರ ಹುಡುಗಿ. ಅತ್ತಿರಲಿಲ್ಲ, ಆದರೆ ಅಳುವುದನ್ನು ದಾರಿಯುದ್ದಕ್ಕೂ ಮುಂದೂಡಿಕೊಂಡು ಬಂದವಳ ಹಾಗೆ ತುಟಿ ಬಿಗಿದುಕೊಂಡಿದ್ದಳು.

"ಏನಮ್ಮ, ಏನು ಕಳೆದುಹೋಗಿದೆ?" ಎಂದು ತಲೆ ಎತ್ತದೆ ಕೇಳಿದರು ಮುಖ್ಯಪೇದೆ.

"ಸೀಟು," ಎಂದಳು ಹುಡುಗಿ.

"ಸೈಕಲ್ಲಿಂದಾ?"

"ಕಾಲೇಜಿಂದು."

ಮುಖ್ಯಪೇದೆ ತಲೆ ಎತ್ತಿದರು. ಠಾಣೆಯವರೆಲ್ಲ ಇವರನ್ನು ಪಂಚನಾಮೆ ತಾತ ಎಂದೇ ಕರೆಯುತ್ತಿದ್ದರು. ಹೆಣ ಬಿದ್ದರೂ ಸೈ, ಹೂಕುಂಡ ಬಿದ್ದರೂ ಸೈ, ಪಂಚನಾಮೆ ಬರೆಯದೆ ಊಟಕ್ಕೆ ಏಳುವ ಮನುಷ್ಯ ಅವರಲ್ಲ. ಆದರೆ ಕಳೆದುಹೋದ ಕಾಲೇಜು ಸೀಟಿನ ಪಂಚನಾಮೆಯನ್ನು ಎಲ್ಲಿ ನಿಂತು ಬರೆಯುವುದು? "ಅದು ನಮಗೆ ಬರಲ್ಲ ತಾಯಿ, ಕಾಲೇಜಿನವರನ್ನ ಕೇಳಿ," ಎಂದು ಇನ್ನೇನು ಕೈ ಮುಗಿಯುವುದರಲ್ಲಿದ್ದರು, ಒಳಗಿನ ಕೋಣೆಯಿಂದ ಇನ್‌ಸ್ಪೆಕ್ಟರ್ ಹೊರಬಂದಳು.

ಪೇದೆಗಳು ಬೆನ್ನ ಹಿಂದೆ ಅವಳನ್ನು ಆಮೇಲಮ್ಮ ಎನ್ನುತ್ತಿದ್ದರು. ವಿಚಾರಣೆಯಲ್ಲಿ ಅವಳು ಗದರುವುದು ಕಡಿಮೆ, ಹೊಡೆಯುವುದು ಇಲ್ಲವೇ ಇಲ್ಲ. ಎದುರಿನವರು ಒಂದು ಮಾತು ಮುಗಿಸಿದ ಕೂಡಲೇ, ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟ ಮಗುವಿನ ಹಾಗೆ, "ಆಮೇಲೆ?" ಎನ್ನುವಳು. ಎಂಥ ಗಟ್ಟಿ ಕಳ್ಳನಿಗೂ ಕತೆಯನ್ನು ಅರ್ಧಕ್ಕೆ ಬಿಡಲು ಮನಸ್ಸಾಗುತ್ತಿರಲಿಲ್ಲ.

"ಕೂತ್ಕೊಳ್ಳಮ್ಮ. ಮೊದಲಿಂದ ಹೇಳು."

ಹುಡುಗಿ ಹೇಳಿದಳು. ಈ ವರ್ಷದಿಂದ ಪ್ರೌಢಶಾಲೆಯವರೂ ಸಮುದಾಯ ಕಾಲೇಜಿನವರೂ ಒಂದು ಒಪ್ಪಂದ ಮಾಡಿಕೊಂಡಿದ್ದಾರೆ. ಮಕ್ಕಳು ಅರ್ಜಿ ಹಿಡಿದು ಅಲೆಯಬೇಕಿಲ್ಲ. ಹೆಸರು, ಅಂಕ, ಇಷ್ಟದ ಕೋರ್ಸು, ಮನೆಯ ಫೋನ್ ನಂಬರು, ಎಲ್ಲವನ್ನೂ ಶಾಲೆಯೇ ಕಾಲೇಜಿಗೆ ಕಳಿಸುತ್ತದೆ. ಕಾಲೇಜೇ ಸೀಟು ಕೊಟ್ಟು ಫೋನಿಗೆ ಸಂದೇಶ ಹಾಕುತ್ತದೆ. ಬರುವುದಾದರೆ ಒಂದು ಒತ್ತಬೇಕು, ಬೇಡವಾದರೆ ಎರಡು.

"ಆಮೇಲೆ?"

"ನಮಗೆ ಏನೂ ಬರ್ಲಿಲ್ಲ. ಕಾದೆ. ಶನಿವಾರ ನಾನೇ ಹೋಗಿ ಕೇಳಿದೆ. ನಿನಗೆ ಸೀಟು ಸಿಕ್ಕಿತ್ತು, ನೀನೇ ಬೇಡ ಅಂದಿದ್ದೀಯ, ಜೂನ್ ಐದಕ್ಕೆ ಎರಡು ಒತ್ತಿದ್ದೀಯ ಅಂದ್ರು. ಮೇಡಂ, ನಾನು ಒತ್ತಿಲ್ಲ. ನನ್ನ ಹತ್ರ ಫೋನೇ ಇಲ್ಲ."

"ಯಾವ ಕೋರ್ಸು?"

"ಹಲ್ಲು ಮಾಡೋದು."

"ಹಲ್ಲಾ!" ಎಂದರು ತಾತ. ಅವರ ಬಾಯಲ್ಲಿ ಉಳಿದವು ಬೆರಳೆಣಿಕೆಯವು. "ಮೊದಲೇ ಹೇಳಬಾರದೇನಮ್ಮ, ನನಗೊಂದು ಸೆಟ್ಟು ಹೇಳ್ತಿದ್ದೆ."

ಹುಡುಗಿಗೆ ನಗು ಬಂದೇಬಿಟ್ಟಿತು. ಬಂದ ನಗುವಿನ ಬೆನ್ನಿಗೇ ಅಷ್ಟು ದೂರ ಮುಂದೂಡಿಕೊಂಡು ಬಂದ ಅಳುವೂ ಬಂತು. ಮಾತನ್ನು ತಾಯಿ ಎತ್ತಿಕೊಂಡಳು. ಸೀಮೆಸುಣ್ಣದಲ್ಲಿ ಹಲ್ಲು ಕೆತ್ತುತ್ತಾಳಂತೆ ಇವಳು, ದವಡೆಹಲ್ಲಿನ ಗುಳಿ ಸಮೇತ. ಕಟ್ಟುಹಲ್ಲು ಮಾಡುವ ತರಬೇತಿ ಇರುವುದು ಆ ಒಂದೇ ಕಾಲೇಜಿನಲ್ಲಿ. ಅಪ್ಪ ಲಾರಿಗೆ ಮೂಟೆ ಹೊರುವವನು, ಮಹಾ ಸ್ವಾಭಿಮಾನಿ. "ನಾವಾಗಿ ಹೋಗಿ ಯಾರ ಬಾಗಿಲಲ್ಲೂ ನಿಲ್ಲಲ್ಲ, ಅವರಾಗಿ ಕರೆದ್ರೆ ಕಳಿಸ್ತೀನಿ" ಎಂದಿದ್ದ. ಕರೆ ಬರಲಿಲ್ಲವೆಂದು ಈಗ ಲಾಂಡ್ರಿಯ ಮೇಸ್ತ್ರಿಗೆ ಮಾತು ಕೊಟ್ಟುಬಿಟ್ಟಿದ್ದಾನೆ. ಗುರುವಾರದಿಂದ ಮಗಳೂ ಕೆಲಸಕ್ಕೆ.

"ಕಾಲೇಜು ಶುರುವಾಗೋದು ಯಾವಾಗ?"

"ಜುಲೈ ಒಂದಕ್ಕೆ ಮೇಡಂ. ಅಷ್ಟರಲ್ಲಿ ಸಿಕ್ಕಿದ್ರೆ ಅಪ್ಪ ಬಿಡ್ತಾರೆ."

ಇನ್‌ಸ್ಪೆಕ್ಟರ್ ತಾತನ ಕಡೆ ನೋಡಿದಳು. "ಬರ್ಕೊಳ್ಳಿ. ಬೇರೊಬ್ಬರ ಹೆಸರಲ್ಲಿ ಉತ್ತರ ಕೊಟ್ಟು ವಂಚನೆ. ಆರೋಪಿ, ಅಪರಿಚಿತ."

ಹನ್ನೊಂದೂ ಕಾಲಿಗೆ ಎಫ್‌ಐಆರ್ ದಾಖಲಾಯಿತು.

ಕಾಲೇಜಿನ ಪ್ರವೇಶ ವಿಭಾಗಕ್ಕೆ ಇನ್‌ಸ್ಪೆಕ್ಟರ್ ಹೋದದ್ದು ಅದೇ ದಿನ ಮಧ್ಯಾಹ್ನ. ಜೊತೆಯಲ್ಲಿ ತಾತ ಮತ್ತು ಠಾಣೆಗೆ ಆಗಷ್ಟೇ ಬಂದಿದ್ದ ಹೊಸ ಪೇದೆ. ಈ ಪೇದೆ ಹುಡುಗಿಗೆ ಕಂಪ್ಯೂಟರು ಗೊತ್ತು, ತಾತನಿಗೆ ಮನುಷ್ಯರು ಗೊತ್ತು. ಇಬ್ಬರೂ ಒಬ್ಬರನ್ನೊಬ್ಬರು ನಂಬುತ್ತಿರಲಿಲ್ಲ. ಕೋಣೆಯಲ್ಲಿ ಹೋದ ವರ್ಷದ ತನಕ ಅರ್ಜಿ ಕೊಡುತ್ತಿದ್ದ ಕಿಂಡಿಗಳಿಗೆ ಈಗ ರಟ್ಟು ಹೊಡೆದಿತ್ತು. ಸಾಲು ನಿಲ್ಲಲು ಹಾಕಿದ್ದ ಕಬ್ಬಿಣದ ಕಂಬಿಗಳಿಗೆ ಯಾರೋ ಒದ್ದೆ ಛತ್ರಿ ನೇತುಹಾಕಿದ್ದರು.

ಮೇಲ್ವಿಚಾರಕ ಸಂಭ್ರಮದ ಮನುಷ್ಯ. "ನೋಡಿ ಮೇಡಂ, ಮೊದಲೆಲ್ಲ ಹತ್ತು ಮಕ್ಕಳು ಪಾಸಾದ್ರೆ ನಮ್ಮ ತನಕ ಬರ್ತಿದ್ದವರು ಮೂರು. ಉಳಿದವರು ಅರ್ಜಿ, ಸಹಿ, ಕೊನೇ ದಿನ ಅಂತ ದಾರೀಲೇ ಉದುರಿ ಹೋಗ್ತಿದ್ರು. ಈಗ ಒಂದು ಮಗುವೂ ಕೈತಪ್ಪಬಾರದು ಅಂತ ಶಾಲೆ ಮಾಹಿತಿ ನೇರ ನಮ್ಮ ಕಂಪ್ಯೂಟರಿಗೆ ಬರುತ್ತೆ."

"ಆಮೇಲೆ?"

"ಆಮೇಲೆ ಎಲ್ಲಾ ತಾನಾಗೇ ನಡೆಯುತ್ತೆ. ಯಾರಾದ್ರೂ ಬೇಡ ಅಂದ್ರೆ ಕಾಯುವ ಪಟ್ಟೀಲಿರೋ ಮೊದಲನೆಯವರು ಒಳಗೆ. ಎಲ್ಲಾ ಕೋರ್ಸಿಗೂ ಒಂದೇ ಪಟ್ಟಿ. ಮನುಷ್ಯರ ಕೈಯೇ ತಾಗಲ್ಲ."

"ಈ ಹುಡುಗಿ ಸೀಟಿಗೆ ತಾಗಿದೆ. ಯಾವ ನಂಬರಿಂದ ಬೇಡ ಅಂದಿದ್ದು?"

ಅವನು ನಂಬರು ಓದಿದ. ಹೊಸ ಪೇದೆ ಅವನ ಭುಜದ ಹಿಂದೆ ನಿಂತು ತೆರೆ ನೋಡುತ್ತಿದ್ದಳು. "ಸರ್, ಇದೇ ನಂಬರು ಇನ್ನೂ ಯಾರಿಗಾದ್ರೂ ಇದೆಯಾ, ಒಮ್ಮೆ ಹುಡುಕಿ."

ತೆರೆಯ ಮೇಲೆ ಹೆಸರುಗಳು ಒಂದರ ಕೆಳಗೊಂದು ಇಳಿಯತೊಡಗಿದವು. ಎಲ್ಲವೂ ಅದೇ ಶಾಲೆಯವು. ಕೆಲವರ ಮುಂದೆ ಒಂದು, ಕೆಲವರ ಮುಂದೆ ಎರಡು. ಮೇಲ್ವಿಚಾರಕ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಇಷ್ಟು ಮಕ್ಕಳಿಗೂ ಒಂದೇ ಮನೆಯಾ?"

ಇನ್‌ಸ್ಪೆಕ್ಟರ್ ಅಲ್ಲಿಂದಲೇ ಆ ನಂಬರಿಗೆ ಕರೆ ಮಾಡಿದಳು. ಎರಡನೇ ರಿಂಗಿಗೇ ಎತ್ತಿದರು. ಗಂಡು ದನಿ, ಓಡಿಬಂದು ನಿಂತವನ ಹಾಗೆ ಏದುಸಿರು, ಆದರೆ ತುಂಬ ಅಕ್ಕರೆ:

"ಹಲೋ, ಹೇಳಿ. ಯಾರ ಮನೆಗೆ ಹೇಳಬೇಕು?"

ಅವಳು ಫೋನಿಟ್ಟಳು.

"ಕೇಸು ಸುಲಭ ಬಿಡಿ," ಎಂದಳು ಹೊಸ ಪೇದೆ.

"ಸುಲಭ ಅಂದದ್ದು ಎಲ್ಲಿ ಸುಲಭವಾಗಿದೆ ಮಗಳೇ," ಎಂದರು ತಾತ.

ಹೊರಡುವ ಮುನ್ನ ಇನ್‌ಸ್ಪೆಕ್ಟರ್ ಬಾಗಿಲಲ್ಲಿ ತಿರುಗಿ ನಿಂತಳು. "ಮಾಡಿದವರನ್ನ ಹಿಡಿದುಕೊಟ್ಟರೆ ಹುಡುಗಿಗೆ ಸೀಟು ವಾಪಸ್ ಸಿಗುತ್ತಾ?"

"ಮೇಲಿನವರಿಗೆ ಬರೀತೀನಿ ಮೇಡಂ," ಎಂದ ಮೇಲ್ವಿಚಾರಕ. ಬರೆಯುತ್ತೇನೆ ಎಂದನೇ ಹೊರತು ಸಿಗುತ್ತದೆ ಎನ್ನಲಿಲ್ಲ. ಆದರೂ ಅವಳು ಅದನ್ನೇ ಸೆರಗಿಗೆ ಕಟ್ಟಿಕೊಂಡು ಹೊರಟಳು.

ಫೋನು ಶಾಲೆಯ ಅಟೆಂಡರನದು. ಮಕ್ಕಳಿಗೆಲ್ಲ ಅವನು ಸುದ್ದಿ ಮಾವ. ಮಂಗಳವಾರ ಬೆಳಿಗ್ಗೆ ಮುಖ್ಯೋಪಾಧ್ಯಾಯಿನಿ ತನ್ನ ಕೋಣೆಯಲ್ಲಿ ಅದರ ಹಿನ್ನೆಲೆ ಹೇಳಿದಳು.

"ಈ ಹುಡುಗಿಯ ಓಣಿ ಜನರ ನಂಬರು ತಿಂಗಳಿಗೊಂದು ಬದಲಾಗುತ್ತೆ ಮೇಡಂ. ಇಲ್ಲಾ ಅಪ್ಪ ಫೋನು ಜೇಬಲ್ಲಿಟ್ಕೊಂಡು ಲಾರಿ ಹತ್ತಿ ಹೋಗಿರ್ತಾನೆ. ಮಗು ಬಿದ್ದು ಪೆಟ್ಟಾದ್ರೆ ಯಾರಿಗೆ ಹೇಳೋದು? ಅದಕ್ಕೆ ಅಂಥವರ ಮುಂದೆ ಇವನ ನಂಬರು ಹಾಕೋ ರೂಢಿ. ಅವರೇ ಹೇಳ್ತಾರೆ, ಸುದ್ದಿ ಮಾವನದ್ದೇ ಹಾಕ್ಕೊಳ್ಳಿ ಅಂತ. ಇವನು ಸೈಕಲ್ ಹತ್ತಿ ಹೋಗಿ ಹೇಳಿ ಬರ್ತಾನೆ. ಒಂದು ದಿನ ತಪ್ಪಿದ್ದಿಲ್ಲ."

"ಕಾಲೇಜಿಗೆ ಮಾಹಿತಿ ಕಳಿಸುವಾಗ ಇದು ಹೊಳೀಲಿಲ್ವಾ?"

"ನಂಬರು ಖಾಲಿ ಬಿಟ್ರೆ ಕಂಪ್ಯೂಟರು ಮುಂದಕ್ಕೇ ಹೋಗಲ್ಲ ಮೇಡಂ." ಅವಳು ಮೇಜಿನ ಗಾಜಿನ ಮೇಲೆ ಬೆರಳಾಡಿಸಿದಳು. "ಇದ್ದದ್ದು ಹಾಗೇ ಹೋಯ್ತು."

ಅಜ್ಜಿ ಕತೆಗಳಲ್ಲಿ ರಾಕ್ಷಸನ ಜೀವ ಅವನ ಮೈಯಲ್ಲಿರುವುದಿಲ್ಲ. ಏಳು ಸಮುದ್ರದಾಚೆ ಯಾವುದೋ ಪೊಟರೆಯ ಗಿಳಿಯಲ್ಲಿರುತ್ತದೆ. ಈ ಓಣಿಯ ಮಕ್ಕಳು ರಾಕ್ಷಸರಲ್ಲ, ಪಾಪ. ಆದರೂ ಅವರೆಲ್ಲರ ಮುಂದಿನ ದಾರಿ ಒಬ್ಬನ ಅಂಗಿ ಜೇಬಿನಲ್ಲಿ ಕೂತಿತ್ತು. ಅದು ಅವರಿಗೂ ಗೊತ್ತಿರಲಿಲ್ಲ, ಕಾಲೇಜಿಗೂ ಗೊತ್ತಿರಲಿಲ್ಲ.

ಸುದ್ದಿ ಮಾವ ಬಂದ. ಐವತ್ತರ ಆಸುಪಾಸು, ಸಣಕಲು ಮೈ, ಕಾಲಿಗೆ ಸೈಕಲ್ ಕ್ಲಿಪ್ಪು. ಪೊಲೀಸರನ್ನು ಕಂಡೊಡನೆ ಕುರ್ಚಿ ಎಳೆದು ಹಾಕಿದ.

"ಮೆಸೇಜು ನಿಮ್ಮ ಫೋನಿಗೆ ಬಂತಾ?"

"ಬಂದಿರುತ್ತೆ ಮೇಡಂ."

"ಎರಡು ಒತ್ತಿದ್ದು ಯಾರು?"

"ನನ್ನ ಫೋನು ಯಾವಾಗಲೂ ಸ್ಟಾಫ್ ರೂಮಲ್ಲಿ ಚಾರ್ಜಿಗೆ ಇರುತ್ತೆ. ಯಾರು ಬೇಕಾದ್ರೂ ಮುಟ್ತಾರೆ."

"ಯಾರು ಮುಟ್ತಾರೆ?"

ಅವನು ಹೆಸರು ಹೇಳಲಿಲ್ಲ. ಅವನ ಕಣ್ಣು ಮಾತ್ರ ಬಾಗಿಲಾಚೆ ಕಂಪ್ಯೂಟರಿನ ಮುಂದೆ ಕೂತಿದ್ದ ಗುಮಾಸ್ತೆಯ ಕಡೆ ಒಮ್ಮೆ ಹೋಗಿ ಬಂತು.

ಗುಮಾಸ್ತೆ ಕೆಂಡವಾದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆನಾ? ಮಾಹಿತಿ ತುಂಬಿದ್ದು ನಾನು, ನಿಜ. ಮೇ ಶುರುವಿನಿಂದ ಜೂನ್ ಹತ್ತರ ತನಕ ನನಗೆ ರಜೆ ಮೇಡಂ, ನಾನು ಊರಲ್ಲೇ ಇರ್ಲಿಲ್ಲ. ಸ್ಟಾಫ್ ರೂಮಿಗೂ ಬೀಗ. ಆ ಬೀಗದ ಕೈ ಯಾರ ಹತ್ರ ಇರುತ್ತೆ ಅಂತ ಅವರನ್ನೇ ಕೇಳಿ."

ಕೇಳಬೇಕಾಗಲಿಲ್ಲ. ಅದು ಸುದ್ದಿ ಮಾವನ ಸೊಂಟದಲ್ಲೇ ನೇತಾಡುತ್ತಿತ್ತು.

ಆದರೂ ಇನ್‌ಸ್ಪೆಕ್ಟರ್ ಅವನನ್ನು ಮುಟ್ಟಲಿಲ್ಲ. ಹದಿಮೂರು ವರ್ಷ ಬಿಸಿಲು ಮಳೆಯೆನ್ನದೆ ಓಣಿಗೆ ಸುದ್ದಿ ಹೊತ್ತ ಮನುಷ್ಯ ಒಂದು ಹುಡುಗಿಯ ಅನ್ನಕ್ಕೆ ಯಾಕೆ ಮಣ್ಣು ಹಾಕುತ್ತಾನೆ? ಯಾಕೆ ಎಂಬುದು ತಿಳಿಯದ ಕೇಸು ಹಿಡಿಯಿಲ್ಲದ ಬಕೆಟ್ಟಿನ ಹಾಗೆ, ತುಂಬಿಕೊಳ್ಳಬಹುದು, ಎತ್ತಲಾಗುವುದಿಲ್ಲ.

ಬುಧವಾರದಿಂದ ಮೂವರೂ ಓಣಿಯ ಮನೆ ಮನೆ ಸುತ್ತಿದರು. ಪಟ್ಟಿ ಹೊಸ ಪೇದೆಯ ಕೈಯಲ್ಲಿತ್ತು.

ಮೊದಲ ಮನೆಯ ಮುಂದೆ ಹುಡುಗನೊಬ್ಬ ಮೋಟಾರು ಬಿಚ್ಚಿಕೊಂಡು ಕೂತಿದ್ದ. ಮೊಣಕೈವರೆಗೂ ಮಸಿ. ಅಪ್ಪ ಒಳಗಿಂದಲೇ ಕೂಗಿದ: "ಕಾಲೇಜಿಂದ ಬಂದಿತ್ತಾ? ನಮಗ್ಯಾರೂ ಹೇಳ್ಲಿಲ್ಲ. ಹೇಳಿದ್ರೂ ಕಳಿಸ್ತಿರ್ಲಿಲ್ಲ ಬಿಡಿ. ಇಲ್ಲಿ ಸ್ಪ್ಯಾನರ್ ಹಿಡಿಯೋರು ಯಾರು?" ಹುಡುಗ ತಲೆ ಎತ್ತಲಿಲ್ಲ, ಆದರೆ ತಿರುಗಿಸುತ್ತಿದ್ದ ಬೋಲ್ಟನ್ನು ಅಲ್ಲಿಗೇ ನಿಲ್ಲಿಸಿದ.

ಮುಂದಿನ ಮನೆಯ ತಾಯಿ ನಕ್ಕೇಬಿಟ್ಟಳು. "ಕಾಲೇಜಾ? ಇವಳಿಗಾ? ಇವಳು ಹೋದ್ರೆ ಈ ಕೂಸನ್ನ ಯಾರು ಎತ್ಕೋತಾರೆ?" ಬಾಗಿಲ ಮರೆಯಲ್ಲಿ ಕೂಸನ್ನು ಸೊಂಟದಲ್ಲಿಟ್ಟುಕೊಂಡಿದ್ದ ಹುಡುಗಿ ಮೆಲ್ಲಗೆ ಕೇಳಿದಳು: "ಯಾವ ಕೋರ್ಸು ಸಿಕ್ಕಿತ್ತು, ಮೇಡಂ?"

ಹೊಸ ಪೇದೆ ಪಟ್ಟಿ ನೋಡಿ ಹೇಳಿದಳು. ಹುಡುಗಿ "ಓಹ್" ಎಂದು ಒಳಗೆ ಹೋದಳು. ಕೇಳಿದ್ದಕ್ಕೆ ಉತ್ತರ ಕೊಟ್ಟದ್ದೇ ತಪ್ಪಾಯಿತೇನೋ ಎಂದು ಹೊಸ ಪೇದೆ ಪಟ್ಟಿಯನ್ನು ತಾತನ ಕೈಗೆ ಕೊಟ್ಟುಬಿಟ್ಟಳು.

ಓಣಿಯ ಕೊನೆಯ ಮನೆಯ ಮುದುಕಿಯದು ಬೇರೆಯೇ ಮಾತು. "ಮೊಮ್ಮಗನಿಗೆ ಸೀಟು ಬಂದ ದಿನ ಸುದ್ದಿ ಮಾವ ಉರಿ ಬಿಸಿಲಲ್ಲಿ ಓಡಿ ಬಂದ. ಅಜ್ಜಿ, ಹೂಂ ಅನ್ನಲಾ ಅಂದ. ಹೂಂ ಅನ್ನಪ್ಪ ಅಂದೆ. ನಮ್ಮೆದುರೇ ಒತ್ತಿದ. ದೇವರಂಥ ಮನುಷ್ಯ."

ಶುಕ್ರವಾರ ಸಂಜೆ ಠಾಣೆಯಲ್ಲಿ ಹೊಸ ಪೇದೆ ತಾರೀಕುಗಳನ್ನು ಸಾಲಾಗಿ ಬರೆದು ಮೇಜಿನ ಮೇಲಿಟ್ಟಳು. "ಮೇಡಂ, ನೋಡಿ. ಮೇ ಇಪ್ಪತ್ತೆರಡರ ತನಕ ಬಂದ ಎಲ್ಲಾ ಮೆಸೇಜೂ ಮನೆ ಮುಟ್ಟಿದೆ, ಒಂದೂ ತಪ್ಪಿಲ್ಲ. ಅಲ್ಲಿಂದ ಜೂನ್ ಐದರ ತನಕ ಒಂದೂ ಮುಟ್ಟಿಲ್ಲ, ಎಲ್ಲದಕ್ಕೂ ಎರಡು. ಜೂನ್ ಏಳರಿಂದ ಮತ್ತೆ ಮುಟ್ಟಿದೆ."

ತಾತ ಕನ್ನಡಕ ಏರಿಸಿ ಬಗ್ಗಿದರು. "ಜ್ವರ ಬಂದು ಬಿಟ್ಟ ಹಾಗಿದೆಯಲ್ಲ. ಇಪ್ಪತ್ತೆರಡಕ್ಕೆ ಏನು ಬಂತು?"

ಅದನ್ನು ಹೇಳಬಲ್ಲವನು ಕಾಲೇಜಿನ ಮೇಲ್ವಿಚಾರಕ ಮಾತ್ರ. ಶನಿವಾರ ಅವನು ಆ ನಂಬರಿಗೆ ಅಂದು ಹೋದ ಸಂದೇಶಗಳನ್ನು ತೆಗೆದು ತೋರಿಸಿದ. ಒಂದು ಉಳಿದವುಗಳ ಹಾಗಿರಲಿಲ್ಲ. 'ನೀವು ಕಾಯುವ ಪಟ್ಟಿಯಲ್ಲಿದ್ದೀರಿ. ನಿಮ್ಮ ಮೇಲಿನವರು ಸೀಟು ಬೇಡವೆಂದಂತೆ ನಿಮಗೆ ಅವಕಾಶ ಬರುತ್ತದೆ.' ವಿದ್ಯಾರ್ಥಿನಿಯ ತಂದೆಯ ಉದ್ಯೋಗ: ಶಾಲಾ ಅಟೆಂಡರ್. ಅವಳಿಗೆ ಸೀಟು ಬಂದದ್ದು ಜೂನ್ ಆರಕ್ಕೆ, ದೂರು ಕೊಟ್ಟ ಹುಡುಗಿಯ ಹೆಸರಲ್ಲಿ ಎರಡು ಒತ್ತಿದ ಮರುದಿನ. ಕೋರ್ಸು: ಕಟ್ಟುಹಲ್ಲು ತಯಾರಿಕೆ.

ಬಕೆಟ್ಟಿಗೆ ಹಿಡಿ ಸಿಕ್ಕಿತು. ಇನ್‌ಸ್ಪೆಕ್ಟರಿಗೆ ಮಾತ್ರ ಅದನ್ನು ಎತ್ತುವ ಮನಸ್ಸಿರಲಿಲ್ಲ.

ಜೂನ್ ಇಪ್ಪತ್ನಾಲ್ಕು, ಸೋಮವಾರ, ಸಂಜೆ ಐದೂವರೆಗೆ ಅವರು ಅವನ ಮನೆ ಮುಟ್ಟಿದರು. ಒಂದೇ ಕೋಣೆ, ಅಡುಗೆಗೆ ಒಂದು ಮೂಲೆ, ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದ ಮನೆ. ಮಗಳು ಕಿಟಕಿಯ ಬಳಿ ಕಾಲೇಜಿನ ಪರಿಚಯ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದಳು. ಒಂದು ಸಾಲಿನ ಮೇಲೆ ಬೆರಳಿಟ್ಟು, ಅರ್ಧಕ್ಕೆ ಹೋಗಿ, ಎಡವಿ, ಮತ್ತೆ ಮೊದಲಿಂದ. ಪೊಲೀಸರನ್ನು ಕಂಡು ಎದ್ದು ನಿಂತು ನಕ್ಕಳು.

"ನಮ್ಮ ಕ್ಲಾಸಿನವಳ ಸೀಟಿನ ವಿಷಯಕ್ಕೆ ಬಂದ್ರಾ ಮೇಡಂ? ಅವಳಿಗೂ ಬೇಗ ಕೊಡಿಸಿ. ನನಗೂ ಹಲ್ಲಿನ ಕೋರ್ಸೇ ಸಿಕ್ಕಿದೆ. ಅವಳಿದ್ರೆ ನನಗೆ ಓದಿ ಹೇಳ್ತಾಳೆ."

ಇನ್‌ಸ್ಪೆಕ್ಟರ್ ಹೊಸ ಪೇದೆಗೆ ಕಣ್ಸನ್ನೆ ಮಾಡಿದಳು. ಅವಳು ಹುಡುಗಿಯನ್ನು ಮಾತಿಗೆಳೆದು ಹೊರಗೆ ಕರೆದುಕೊಂಡು ಹೋದಳು. ಬಾಗಿಲು ಮುಚ್ಚಿದ ಮೇಲೆ ಸುದ್ದಿ ಮಾವ ನೆಲದ ಮೇಲೆ ಕೂತ.

"ಅವಳಿಗೆ ಏನೂ ಗೊತ್ತಿಲ್ಲ ಮೇಡಂ."

"ಗೊತ್ತಾಯ್ತು. ಫೋನು ಕೊಡಿ."

ತಾತ ಎದುರು ಮನೆಯ ದರ್ಜಿಯನ್ನೂ ಪಕ್ಕದ ಪುಸ್ತಕದಂಗಡಿಯವನನ್ನೂ ಪಂಚರಾಗಿ ಕರೆತಂದರು. ಫೋನಿನಲ್ಲಿ ಕಾಲೇಜಿನ ಸಂದೇಶಗಳೆಲ್ಲ ಹಾಗೆಯೇ ಇದ್ದವು, ಅವನು ಒತ್ತಿದ ಉತ್ತರಗಳೂ.

"ಅಳಿಸೋಕೆ ಬರಲ್ವಾ ನಿಮಗೆ?"

"ಬರುತ್ತೆ ಮೇಡಂ. ಬೇರೆಯವರ ಮನೆ ಸುದ್ದಿ. ಅಳಿಸೋಕೆ ನಾನ್ಯಾರು?"

ಪಂಚನಾಮೆ ಬರೆಯುತ್ತಿದ್ದ ತಾತನ ಪೆನ್ನು ಒಂದು ಗಳಿಗೆ ನಿಂತಿತು.

"ಮೊದಲಿಂದ ಹೇಳಿ," ಎಂದಳು ಇನ್‌ಸ್ಪೆಕ್ಟರ್.

"ಎಲ್ಲರ ಮನೆ ಒಳಗೂ ನಾನು ಹೋಗಿದ್ದೀನಿ ಮೇಡಂ. ಯಾರು ಕಳಿಸ್ತಾರೆ, ಯಾರು ಕಳಿಸಲ್ಲ, ನನಗೆ ಗೊತ್ತು. ಗ್ಯಾರೇಜಿನವನು ಕಳಿಸಲ್ಲ. ಕೂಸಿನ ಮನೆಯವರು ಕಳಿಸಲ್ಲ. ಹೇಗಿದ್ರೂ ಕಳಿಸದವರ ಸೀಟು ತಾನೇ ಅಂತ ಒತ್ತಿದೆ."

"ಆಮೇಲೆ?"

"ಒಂದೊಂದು ಒತ್ತಿದಾಗಲೂ ಇವಳು ಒಂದೊಂದು ಮೆಟ್ಟಿಲು ಮೇಲಕ್ಕೆ ಹತ್ತಿದ ಹಾಗಾಗ್ತಿತ್ತು. ಕಾಣ್ತಿರ್ಲಿಲ್ಲ, ಆದ್ರೆ ಹತ್ತುತ್ತಿದ್ದಾಳೆ ಅಂತ ಗೊತ್ತಾಗ್ತಿತ್ತು."

"ಲಾಂಡ್ರಿಯವಳ ಮಗಳು? ಅವರ ಮನೇಲಿ ಕಳಿಸಲ್ಲ ಅಂತ ನಿಮಗ್ಯಾರು ಹೇಳಿದ್ದು?"

ಹೊರಗೆ ಹೊಸ ಪೇದೆ ಏನೋ ಹೇಳಿದ್ದಕ್ಕೆ ಅವನ ಮಗಳು ನಕ್ಕದ್ದು ಕೇಳಿಸಿತು.

"ಕಳಿಸ್ತಾರೆ ಅಂತ ಗೊತ್ತಿತ್ತು. ಅದಕ್ಕೇ ಅದನ್ನ ಕೊನೇ ತನಕ ಇಟ್ಕೊಂಡಿದ್ದೆ. ಆ ಸೀಟಿಗೆ ಉತ್ತರ ಕೊಡೋಕೆ ಜೂನ್ ಐದೇ ಕೊನೇ ದಿನ. ಇವಳಿನ್ನೂ ಹೊರಗೇ ಇದ್ಲು." ಅವನು ಅಂಗೈ ನೋಡಿಕೊಂಡ. "ಆ ಹುಡುಗಿ ಜಾಣೆ ಮೇಡಂ. ಎಲ್ಲಿ ಎಸೆದ್ರೂ ಈಜ್ತಾಳೆ. ನನ್ನವಳು ದಡದಲ್ಲೇ ಮುಳುಗ್ತಾಳೆ. ಆ ಹುಡುಗಿಗೆ ಮುಂದಿನ ವರ್ಷ ಹೇಗೂ ಸಿಗುತ್ತೆ ಅಂದ್ಕೊಂಡೆ."

"ಅವಳು ಗುರುವಾರದಿಂದ ಲಾಂಡ್ರಿಗೆ ಹೋಗ್ತಿದ್ದಾಳೆ."

ಅವನಿಗೆ ಅದು ಗೊತ್ತಿರಲಿಲ್ಲ. ಇಡೀ ಓಣಿಗೆ ಸುದ್ದಿ ಹೊರುವವನಿಗೆ ಆ ಸುದ್ದಿ ತಲುಪಿಸಲು ಯಾರೂ ಇರಲಿಲ್ಲ.

ಬೇಡಿ ಹಾಕುವುದು ಬೇಡವೆಂದಳು ಇನ್‌ಸ್ಪೆಕ್ಟರ್. ಆರೂ ಕಾಲಿಗೆ ಬಂಧನ ಬರೆಯಲಾಯಿತು. ಜೀಪಿನವರೆಗಿನ ನಾಲ್ಕು ಹೆಜ್ಜೆಯಲ್ಲಿ, ಯಾರೂ ಕೇಳದೆ, ಅವನೇ ಹೇಳಿದ:

"ನನ್ನ ಮಗಳಿಗೆ ಅಕ್ಷರ ಕಣ್ಣೆದುರು ಕುಣಿಯುತ್ತೆ ಮೇಡಂ. ಉತ್ತರ ಗೊತ್ತಿರುತ್ತೆ, ಬರೆಯೋಕೆ ಹೊತ್ತು ಬೇಕು. ಪರೀಕ್ಷೆ ಮುಗಿಯೋ ಗಂಟೆ ಹೊಡೆಯೋನು ನಾನು. ಕಂಬದ ಪಕ್ಕ ನಿಂತ್ರೆ ಅವಳ ಕಿಟಕಿ ಕಾಣುತ್ತೆ. ಪ್ರತೀ ಸಲ, ನಾನು ಸುತ್ತಿಗೆ ಎತ್ತಿದಾಗ, ಅವಳ ಕೈ ಇನ್ನೂ ಬರೀತಾನೇ ಇರ್ತಿತ್ತು. ಇಷ್ಟು ವರ್ಷ ಅವಳ ಕೈಯಿಂದ ಪೇಪರ್ ಕಿತ್ಕೊಂಡಿದ್ದು ನಾನೇ. ಒಂದು ಸಲಾನೂ ತಡವಾಗಿ ಹೊಡೀಲಿಲ್ಲ."

ಮಗಳು ಅಂಗಳದಲ್ಲಿ ನಿಂತು, ಜೀಪು ಹತ್ತುತ್ತಿದ್ದ ಅಪ್ಪನನ್ನು ಕೇಳಿದಳು: "ಅಪ್ಪಾ, ಯಾರ ಮನೆಗೆ ಹೋಗ್ತಿದ್ದೀಯ?" ಹೊಸ ಪೇದೆ ಅವಳ ಭುಜ ಹಿಡಿದುಕೊಂಡಳು. ಅವಳನ್ನು ಒಬ್ಬಳೇ ಬಿಡುವಂತಿರಲಿಲ್ಲ. ಅತ್ತೆಯೊಬ್ಬಳು ಬರುವವರೆಗೆ ಹೊಸ ಪೇದೆ ಅಲ್ಲೇ ಉಳಿದಳು.

ಮರುದಿನ ಕಾಲೇಜು ತೆರೆಯುವ ಹೊತ್ತಿಗೆ ಇನ್‌ಸ್ಪೆಕ್ಟರ್ ಬಾಗಿಲಲ್ಲಿದ್ದಳು. ಎಫ್‌ಐಆರ್ ಪ್ರತಿ, ತಪ್ಪೊಪ್ಪಿಗೆ, ಪಂಚನಾಮೆ, ಎಲ್ಲ ತಂದಿದ್ದಳು. ಮೇಲ್ವಿಚಾರಕ ಓದಿ ನಿಟ್ಟುಸಿರುಬಿಟ್ಟ. ಅವನು ಬರೆದಿದ್ದ, ಪಾಪ. ಮೇಲಿನಿಂದ ಉತ್ತರವೂ ಬಂದಿತ್ತು.

"ಮೋಸದಿಂದ ಬಂದ ಸೀಟು ರದ್ದು ಮಾಡಿ ಅಂದಿದ್ದಾರೆ. ಅಟೆಂಡರ್ ಮಗಳದ್ದು ನಿನ್ನೆ ಸಂಜೆ ಬಂಧನದ ಸುದ್ದಿ ಬಂದ ಕೂಡಲೇ ರದ್ದಾಗಿದೆ."

"ಸರಿ. ಅದು ಇವಳಿಗೆ ಬರಬೇಕಲ್ಲ?"

"ರದ್ದಾದ ತಕ್ಷಣ ಪಟ್ಟಿಯ ಮುಂದಿನವರಿಗೆ ಹೋಗುತ್ತೆ ಮೇಡಂ. ಹೋಯ್ತು. ಬೇರೆ ಊರಿನ ಮಗು, ರಾತ್ರಿಯೇ ಒಂದು ಒತ್ತಿಯೂ ಆಯ್ತು. ಇವಳು ಬೇಡ ಅಂದವರ ಲೆಕ್ಕದಲ್ಲಿದ್ದಾಳೆ. ಬೇಡ ಅಂದವರು ಪಟ್ಟೀಲಿರಲ್ಲ."

"ಅವಳು ಬೇಡ ಅಂದಿಲ್ಲ. ಇಷ್ಟು ಕಾಗದ ಅದನ್ನೇ ಹೇಳ್ತಿದೆ."

"ನನಗೆ ಗೊತ್ತು ಮೇಡಂ. ಕಂಪ್ಯೂಟರಿಗೆ ಗೊತ್ತಿಲ್ಲ."

"ಮುಂದಿನ ವರ್ಷ?"

"ಮುಂದಿನ ವರ್ಷ ಶಾಲೆಯವರು ಆ ವರ್ಷ ಪಾಸಾದವರ ಮಾಹಿತಿ ಕಳಿಸ್ತಾರೆ. ಇವಳು ಅದರಲ್ಲಿರಲ್ಲ."

"ಹಾಗಾದ್ರೆ ಅರ್ಜಿ ಹಾಕ್ತಾಳೆ."

ಮೇಲ್ವಿಚಾರಕ ರಟ್ಟು ಹೊಡೆದ ಕಿಂಡಿಗಳ ಕಡೆ ನೋಡಿದ. ಅವಳೂ ನೋಡಿದಳು. ಅವನು ಚಹಾ ತರಿಸಲೇ ಎಂದು ಕೇಳಿದ, ಅವಳು ಬೇಡವೆಂದಳು.

ಲಾಂಡ್ರಿಯ ಹಿಂದಿನ ಗೇಟಿನಲ್ಲಿ ಆಸ್ಪತ್ರೆಯ ಗಾಡಿಗಳು ನಿಂತಿದ್ದವು. ಒಳಗೆ ಯಂತ್ರಗಳ ಸದ್ದು, ಮೋಡದಂತೆ ಹೊರಬರುವ ಹಬೆ. ಹೇಳಿಕೆಗೆ ಸಹಿ ಬೇಕೆಂದು ಕರೆಸಿದಾಗ ಹುಡುಗಿ ತಲೆಗೆ ಬಟ್ಟೆಯ ಟೊಪ್ಪಿಗೆ ಹಾಕಿಕೊಂಡೇ ಬಂದಳು. ಐದಾರು ದಿನಕ್ಕೇ ಮುಂಗೈ ಬಿಸಿಗೆ ಕೆಂಪಾಗಿತ್ತು.

"ಸಿಕ್ಕ, ಕಣಮ್ಮ," ಎಂದಳು ಇನ್‌ಸ್ಪೆಕ್ಟರ್. ಯಾರು ಎಂದೂ ಹೇಳಿದಳು, ಯಾಕೆ ಎಂದೂ ಹೇಳಿದಳು.

"ನಮ್ಮ ಸುದ್ದಿ ಮಾವನಾ?" ಹುಡುಗಿ ನಂಬಲಿಲ್ಲ, ಆಮೇಲೆ ನಂಬಿದಳು. "ನನಗೆ ಜ್ವರ ಬಂದಾಗ ಸೈಕಲ್ ಮೇಲೆ ಮನೆಗೆ ಬಿಟ್ಟಿದ್ರು." ಮತ್ತೆ ಕೇಳಿದಳು, "ಸೀಟು?"

ಇನ್‌ಸ್ಪೆಕ್ಟರ್ ಕಾಲೇಜಿನವರು ಹೇಳಿದ್ದನ್ನು ಇದ್ದ ಹಾಗೆಯೇ ಹೇಳಿದಳು. ಬೆಣ್ಣೆ ಹಚ್ಚಿ ಹೇಳಬಹುದಾದ ಜಾಗ ಅದರಲ್ಲಿ ಎಲ್ಲೂ ಇರಲಿಲ್ಲ.

"ಹಾಗಾದ್ರೆ ಅವಳು ಹೋಗ್ತಾಳಾ?"

"ಅವಳದ್ದೂ ರದ್ದಾಯ್ತು."

"ಮತ್ತೆ ಯಾರು?"

"ಬೇರೆ ಊರಿನ ಯಾರೋ."

ಹುಡುಗಿ ಟೊಪ್ಪಿಗೆಯೊಳಗಿಂದ ಜಾರಿದ ಕೂದಲನ್ನು ಒಳಕ್ಕೆ ಸೇರಿಸಿದಳು. "ನಾನು ದೂರು ಕೊಡದೇ ಇದ್ದಿದ್ರೆ ನಮ್ಮ ಓಣಿಯಿಂದ ಅವಳಾದ್ರೂ ಹೋಗ್ತಿದ್ಲು."

ನೀನು ಮಾಡಿದ್ದು ಸರಿ ಎನ್ನಬೇಕೆಂದು ಇನ್‌ಸ್ಪೆಕ್ಟರ್ ಬಾಯಿ ತೆರೆದಳು. ಅದು ನಿಜವೂ ಆಗಿತ್ತು. ಅಷ್ಟರಲ್ಲಿ ಹುಡುಗಿಯೇ ಮುಂದಕ್ಕೆ ಕೇಳಿದಳು.

"ಮೇಡಂ, ದೂರು ವಾಪಸ್ ತಗೋಬಹುದಾ?"

"ಇಲ್ಲಮ್ಮ. ಇನ್ನು ಅದು ಕೋರ್ಟಿಗೆ ಹೋಗುತ್ತೆ."

"ಅದೂ ಇಲ್ವಾ," ಎಂದಳು ಹುಡುಗಿ.

ಒಳಗಿಂದ ಯಾರೋ "ಏ ಹೊಸಬಳೇ, ಗಾಡಿ ಬಂತು" ಎಂದು ಕೂಗಿದರು. ಅವಳು ಎಲ್ಲಿ ಸಹಿ ಹಾಕಬೇಕೆಂದು ಕೇಳಿ, ತೋರಿಸಿದ ಜಾಗದಲ್ಲಿ ಹಾಕಿ, ಪೆನ್ನು ಹಿಂದಿರುಗಿಸಿ, ಹಬೆಯೊಳಕ್ಕೆ ಓಡಿದಳು. ಅವಳ ಕೈ ತೇವವಿದ್ದುದರಿಂದ ಕಾಗದದ ಅಂಚು ಒದ್ದೆಯಾಗಿತ್ತು. ಮಡಚಿದರೆ ಸಹಿ ಕದಡಿಹೋದೀತೆಂದು ಇನ್‌ಸ್ಪೆಕ್ಟರ್ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಆರುವವರೆಗೆ ಗೇಟಿನ ಬಳಿಯೇ ನಿಂತಳು.